ಪೂಜೆಗೋ, ಆಣೆಗೋ

ಕನ್ನಡಕದ ಒಂದು ಕಾಲು ಮುರಿದಿತ್ತು. ಅದರ ಬದಲಿಗೆ ಹೂ ಕಟ್ಟುವ ದಾರ ಕಿವಿಗೆ ಸುತ್ತಿಕೊಂಡಿರುತ್ತಿತ್ತು. ಗುಬ್ಬಿಯ ನಮ್ಮ ಬೀದಿಯಲ್ಲಿ ಪೂಜೆ ಸಾಮಾನಿನ ಅಂಗಡಿಯಿಟ್ಟಿದ್ದ ಯಜಮಾನರು ಆ ಕನ್ನಡಕದ ಮೇಲಿಂದಲೇ ಗಿರಾಕಿಯನ್ನು ನೋಡುತ್ತಿದ್ದರು.

ಉಳಿದ ದಿನಗಳಲ್ಲಿ ಕೇಳಿದಷ್ಟು ಕರ್ಪೂರ ಕೊಡುವವರು. ಚುನಾವಣೆ ಘೋಷಣೆಯಾಯಿತೋ, ಅವರದೂ ಒಂದು ನೀತಿಸಂಹಿತೆ ಜಾರಿಗೆ ಬರುತ್ತಿತ್ತು: "ಪೂಜೆಗೋ, ಆಣೆಗೋ?"

ನಮ್ಮಲ್ಲಿ ಉಡುಗೊರೆ ಹಂಚಿದ ಮೇಲೆ ಮತದಾರರನ್ನು ಸುಮ್ಮನೆ ನಂಬುವ ಪದ್ಧತಿಯಿಲ್ಲ. ದೇವರ ಫೋಟೋ ಮುಂದೆ ಕರ್ಪೂರ ಹಚ್ಚಿ, ಉರಿಯ ಮೇಲೆ ಕೈಯಿಡಿಸಿ ಆಣೆ ತೆಗೆದುಕೊಳ್ಳುವುದು ಪ್ರಜಾಪ್ರಭುತ್ವಕ್ಕೆ ನಾವು ಸಲ್ಲಿಸಿರುವ ವಿನಮ್ರ ಕಾಣಿಕೆ. ಆಣೆಗೆ ಎಂದವರಿಗೆ ಯಜಮಾನರು ಬರಿಗೈ ತೋರಿಸುತ್ತಿದ್ದರು. "ದೇವ್ರುನ್ನ ಬೂತ್ ಏಜೆಂಟ್ ಮಾಡ್ಬೇಡ್ರಪ್ಪ. ಅವ್ನು ನಿಮ್ ಬಿರಿಯಾನಿ ಪೊಟ್ಣ ತಿನ್ನಲ್ಲ."

ಪಟ್ಟಣ ಪಂಚಾಯಿತಿ ಚುನಾವಣೆಯಲ್ಲಿ ನಾನು ನಮ್ಮ ವಾರ್ಡಿನ ಅಭ್ಯರ್ಥಿಯ ಬಲಗೈ. ಆಣೆಗೆ ಕರ್ಪೂರ ಬೇಕಿತ್ತು, ಬೇರೆ ಅಂಗಡಿಯವರೆಗೆ ನಡೆಯಲು ಸೋಮಾರಿತನ. "ಪೂಜೆಗೆ ಯಜಮಾನ್ರೇ, ಸತ್ಯನಾರಾಯಣನ್ದು" ಎಂದೆ. ಅವರು ಒಂದು ಕಟ್ಟು ಊದುಬತ್ತಿಯನ್ನು ಪುಕ್ಕಟೆ ಸೇರಿಸಿ ಕೊಟ್ಟರು.

ಮರುದಿನ ಅವರು ಸರಕು ತರಲು ತುಮಕೂರಿಗೆ ಹೋದಾಗ ಬೀದಿಯ ಹೆಂಗಸರನ್ನೆಲ್ಲ ಸೇರಿಸಿ ಕುಕ್ಕರ್ ಹಂಚಿದೆವು. ಅವರ ಹೆಂಡತಿಯನ್ನು "ಬನ್ನಿ ಅಕ್ಕ" ಎಂದು ಕರೆದವನು ನಾನೇ. ಉರಿಯ ಮೇಲೆ ಅವರ ಅಂಗೈ ಇರಿಸಿ, ಬಾಯಿಗೆ ವಾಕ್ಯ ಕೊಟ್ಟವನೂ ನಾನೇ: "ಮಾತು ತಪ್ಪಿದ್ರೆ ನನ್ ಕಣ್ಣು ಹೋಗ್ಲಿ."

ಅಕ್ಕ ಮಾತು ತಪ್ಪಿದರು. ಎದುರು ನಿಂತವಳು ಅವರ ತವರು ಯಡಿಯೂರಿನ ಹುಡುಗಿ. ನಮ್ಮವರು ಸೋತರು. ವರ್ಷದೊಳಗೆ ಅಕ್ಕನ ಎರಡೂ ಕಣ್ಣಿಗೆ ಪೊರೆ ಬಂತು. ಆ ವಯಸ್ಸಿನಲ್ಲಿ ಅರ್ಧ ಗುಬ್ಬಿಗೆ ಬರುತ್ತದೆ. ಆಪರೇಷನ್ ಮಾಡಿದರೆ ಸರಿಹೋಗುತ್ತದೆ ಎಂದರು ತುಮಕೂರಿನ ಡಾಕ್ಟರು. ಅಕ್ಕ ಒಪ್ಪಲಿಲ್ಲ. "ದೇವ್ರು ಕಿತ್ಕಂಡಿದ್ದುನ್ನ ಡಾಕ್ಟ್ರು ಕೊಡ್ತಾನಾ? ಮೊದ್ಲು ಇಕ್ಸಿದೋನು ಆಣೆ ಬುಡ್ಲಿ."

ಯಜಮಾನರು ನನ್ನ ಮನೆಗೆ ಬಂದರು. ಬೈಯಲಿಲ್ಲ. "ಆಣೆ ಇಕ್ಸಿದೋನು ನೀನು. ಬಂದು 'ಬುಟ್ಟೆ ಕಣಕ್ಕ' ಅಂತ ಒಂದ್ ಮಾತು ಅಂದ್ಬುಡಪ್ಪ. ಆಸ್ಪತ್ರೆಗೆ ಬತ್ತಾಳೆ."

ನಾನು ಶಿಸ್ತಿನ ಕಾರ್ಯಕರ್ತ. ಅಭ್ಯರ್ಥಿಯ ಅಪ್ಪಣೆ ಕೇಳಿದೆ. "ಒಬ್ಳಿಗೆ ಬುಟ್ರೆ ಮುಂದಿನ್ಸಲ ಯಾವಳು ಹೆದರ್ತಾಳ್ಲಾ? ಜಿಲ್ಲಾ ಪಂಚಾಯ್ತಿ ಎಲೆಕ್ಷನ್ ಮುಗೀಲಿ" ಎಂದರು. ಅದನ್ನೇ ಯಜಮಾನರಿಗೆ ಒಪ್ಪಿಸಿದೆ. ಅವರು ಮತ್ತೆ ಮೂರು ಸಲ ಬಂದರು. ಚುನಾವಣೆ ಮುಂದಕ್ಕೆ ಹೋಯಿತು, ಇನ್ನೂ ಮುಂದಕ್ಕೆ ಹೋಯಿತು. ಕಣ್ಣು ಕಾಯಲಿಲ್ಲ. ಒಳಗೆ ಒತ್ತಡ ಏರಿ ನರ ಸತ್ತಿತು. ಇನ್ನು ಆಪರೇಷನ್ ಮಾಡಿ ಫಲವಿಲ್ಲ ಎಂದರು ಡಾಕ್ಟರು.

'ತಾನೇ ಕರ್ಪೂರ ಮಾರಿ ಹೆಂಡ್ತಿ ಕಣ್ಣು ಕಳೆದ' ಎಂದು ಬೀದಿ ಆಡಿಕೊಂಡಿತು. ನಾನು ಸುಳ್ಳು ಹೇಳಿ ಕರ್ಪೂರ ಕೊಂಡದ್ದನ್ನು ಯಜಮಾನರು ಯಾರಿಗೂ ಹೇಳಲಿಲ್ಲ. ಯಾಕೆಂದು ಒಮ್ಮೆ ಕೇಳಿದೆ.

"ಹೇಳುದ್ರೆ ನಿನ್ನ ಎದುರು ಪಾರ್ಟಿಯೋರು ನಂಗೆ ಹಾರ ಹಾಕಿ ಮೆರವಣಿಗೆ ಮಾಡ್ತಾರೆ. ಅದ್ ಬೇರೆ ಬೇಕಾ?"

ಕಳೆದ ತಿಂಗಳು ಯಜಮಾನರು ತೀರಿಕೊಂಡರು. ಬೀದಿಯವರು ಸಂತಾಪ ಸಭೆ ಕರೆದರು. ಅಧ್ಯಕ್ಷತೆ, ಹಿರಿಯನೆಂದು, ನನ್ನದು. ಧರ್ಮವನ್ನೂ ರಾಜಕಾರಣವನ್ನೂ ಒಂದಕ್ಕೊಂದು ಸೋಕಿಸದೆ ಬಾಳಿದ ಮಹನೀಯರೆಂದು ಹತ್ತು ನಿಮಿಷ ಮಾತಾಡಿದೆ. ಮೊದಲ ಸಾಲಿನಲ್ಲಿ ಕೂತಿದ್ದ ಅಕ್ಕ ದನಿ ಗುರುತಿಸಿ, ನನ್ನತ್ತ ಮುಖ ತಿರುಗಿಸಿ ಕೈಮುಗಿದರು.

"ಈಗ್ಲಾದ್ರೂ ಬುಡ್ತೀಯೇನಪ್ಪ?"