ತೊಳೆಯದೆ ಹೋದ ದಿನ

ಹೋಟೆಲಿನ ಲಾಂಡ್ರಿಯಲ್ಲಿ ಎಲ್ಲರೂ ಅವಳನ್ನು ‘ಬಿಳುಪಕ್ಕ’ ಎನ್ನುತ್ತಿದ್ದರು. ಚಹಾ, ಲಿಪ್‌ಸ್ಟಿಕ್, ರಕ್ತ, ಯಾವುದರ ಕಲೆಯೂ ಅವಳ ಕೈ ದಾಟಿ ಹೋದದ್ದಿಲ್ಲ. ಕಲೆ ತೆಗೆಯುವುದೂ ಒಂದು ಕಲೆ ಎಂದು ಮೇಲ್ವಿಚಾರಕ ಹೊಗಳುತ್ತಿದ್ದ. ಸಂಬಳ ಹೆಚ್ಚಿಸುವ ಕಲೆ ಮಾತ್ರ ಅವನಿಗೆ ಒಲಿದಿರಲಿಲ್ಲ. ಕೊಳೆಯನ್ನು ಇನ್ನೊಬ್ಬರ ಕಣ್ಣಿಗೆ ಬೀಳಿಸುವುದೆಂದರೆ ಅವಳಿಗೆ ತಲೆ ಕಡಿದಷ್ಟು ಅವಮಾನ.

ಅಂಥವಳಿಗೆ ಹೇಳಿಕೊಳ್ಳಲಾಗದ ಜಾಗದಲ್ಲಿ ತುರಿಕೆ ಹತ್ತಿತು. ಜೊತೆಗೆ ಉರಿ, ಒಡೆದ ಹಾಲಿನಂಥ ಬಿಳಿ ಸ್ರಾವ. ಇಸ್ತ್ರಿ ಯಂತ್ರದ ಕಾವಿಗೆ ನಿಂತರೆ ಜೀವ ಹಿಂಡುತ್ತಿತ್ತು. ಔಷಧಿ ಅಂಗಡಿಯ ಮುಲಾಮಿಗೆ ಹೋಯಿತು, ಮತ್ತೆ ಬಂತು.

ನಾದಿನಿ ತೀರ್ಪು ಕೊಟ್ಟೇಬಿಟ್ಟಳು. “ಅತ್ತಿಗೆ, ಎಲ್ಲಾ ನಿಮ್ಮ ಮಾತ್ರೆ ಮಹಿಮೆ. ಮಕ್ಕಳಾಗದ ಮಾತ್ರೆ ನುಂಗ್ತಾ ಇದ್ರೆ ಇನ್ನೇನಾಗತ್ತೆ? ಬಿಟ್ಟು ನೋಡಿ.”

“ಅದನ್ನ ಬಿಟ್ರೆ ನಾನೇ ಇರಲ್ಲ ಕಣೇ.”

ಉತ್ಪ್ರೇಕ್ಷೆಯಲ್ಲ. ಎರಡನೇ ಹೆರಿಗೆಯಲ್ಲಿ ರಕ್ತ ನಿಲ್ಲದೆ ಅವಳು ಸತ್ತು ಬದುಕಿದವಳು. ಇನ್ನೊಂದು ಬಸಿರು ಬೇಡವೇ ಬೇಡ ಎಂದು ಆಗ ಡಾಕ್ಟರು ಹೇಳಿದ್ದರು. ಆಪರೇಷನ್ನಿಗೆ ಹೆದರಿ ಮಾತ್ರೆ ಹಿಡಿದಿದ್ದಳು.

ಕೊನೆಗೆ ಆಸ್ಪತ್ರೆಗೆ ಹೋದಳು. ಡಾಕ್ಟರಮ್ಮ ಹತ್ತಿಕಡ್ಡಿಯಲ್ಲಿ ತೆಗೆದ ಸ್ರಾವದಲ್ಲಿ ಏನೂ ಕಾಣಲಿಲ್ಲ. ಇನ್ನೊಮ್ಮೆ ಹೋದಾಗಲೂ ಹಾಗೇ. ವರದಿ ‘ಏನಿಲ್ಲ’ ಎಂದಿತು. ತುರಿಕೆ ‘ನಾನಿದ್ದೇನೆ’ ಎಂದಿತು. ಮನೆಗೆ ಬಂದು ಮಾತ್ರೆಯ ಪಟ್ಟಿಯನ್ನು ಕಸದ ಬುಟ್ಟಿಯ ಮೇಲೆ ಹಿಡಿದು ನಿಂತಳು. ಬೆರಳು ಸಡಿಲಲಿಲ್ಲ. ಮತ್ತೆ ಆಸ್ಪತ್ರೆಗೇ ಓಡಿದಳು.

“ಮಾತ್ರೆ ಬಿಟ್ಟುಬಿಡ್ಲಾ ಮೇಡಂ?”

“ಇರಿ. ಇಲ್ಲಿಗೆ ಬರೋ ಮುಂಚೆ ಏನಾದ್ರೂ ಹಚ್ಕೊಂಡ್ರಾ?”

“ಮುಲಾಮು. ಅದಕ್ಕೂ ಮೊದಲು ಒಳಗೆಲ್ಲ ಚೆನ್ನಾಗಿ ತೊಳ್ಕೊಂಡೆ, ನಮ್ಮ ಲಾಂಡ್ರಿಯ ಕಲೆ ತೆಗೆಯೋ ಔಷಧಿ ಹಾಕಿ. ನಿಮ್ಮೆದುರಿಗೆ ಗಲೀಜಾಗಿ ಬರ್ತೀನಾ?”

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. “ಸಾಕ್ಷಿನೆಲ್ಲ ಒಗೆದು ತಂದ್ರೆ ನಾನೇನಮ್ಮ ನೋಡ್ಲಿ? ಮುಲಾಮು, ತೊಳೆಯೋದು, ಎರಡೂ ನಿಲ್ಲಿಸಿ. ಮುಂದಿನ ವಾರ ಹಾಗೇ ಬನ್ನಿ.”

ಹಾಗೇ ಹೋದಳು. ಬೆಂಚಿನ ತುದಿಯಲ್ಲಿ, ಪಕ್ಕದವರಿಗೆ ಸೆರಗೂ ಸೋಕದಂತೆ, ಮೈ ಹಿಡಿಮಾಡಿಕೊಂಡು ಕೂತಳು. ಅಷ್ಟು ವರ್ಷ ಊರವರ ಕೊಳೆ ಹೊತ್ತವಳಿಗೆ ತನ್ನದೊಂದನ್ನು ಹೊತ್ತು ಕೂರುವುದು ಬೆಟ್ಟವಾಗಿತ್ತು.

ಸೂಕ್ಷ್ಮದರ್ಶಕದಿಂದ ಡಾಕ್ಟರಮ್ಮ ತಲೆ ಎತ್ತಿದರು. “ಫಂಗಸ್ಸೇ. ಈಗ ಸರಿಯಾಗಿ ಕಾಣ್ತಿದೆ.”

“ಮಾತ್ರೆಯಿಂದಾನಾ?”

“ಇರಬಹುದು. ಕೆಲವರಿಗೆ ಹಾಗಾಗತ್ತೆ, ಖಂಡಿತ ಅಂತ ಹೇಳಕ್ಕಾಗಲ್ಲ. ಸಕ್ಕರೆ ಕಾಯಿಲೆ ಇದ್ರೂ ಬರತ್ತೆ, ರಕ್ತ ನೋಡೋಣ. ಉರಿ ಜಾಸ್ತಿಯಾಗಿರೋದು ನಿಮ್ಮ ತೊಳೆಯೋ ಚಟದಿಂದಲೂ ಇರಬಹುದು. ಮೊದಲು ಔಷಧಿ ಮುಗಿಸಿ. ಆಮೇಲೂ ಬಂದ್ರೆ ಮಾತ್ರೆ ಬದಲು ಬೇರೆ ದಾರಿ ನೋಡೋಣ. ಆ ದಾರಿ ಸಿಗೋವರೆಗೂ ಇದನ್ನ ಬಿಡ್ಬೇಡಿ.”

ಮನೆಯಲ್ಲಿ ನಾದಿನಿ ಕಾದಿದ್ದಳು. “ಏನಂದ್ರು? ಮಾತ್ರೆದೇ ತಾನೇ?”

“ಇರಬಹುದಂತೆ.”

“ನಾ ಹೇಳ್ಲಿಲ್ವಾ!”

“ಬಿಡಬಾರ್ದು ಅಂತಾನೂ ಹೇಳಿದ್ರು. ಅದನ್ನ ನೀನು ಹೇಳಿರಲಿಲ್ಲ.”

ಅವಳೆದುರೇ ಮಾತ್ರೆ ನುಂಗಿ ನೀರು ಕುಡಿದಳು. ಲೋಟ ತೊಳೆಯಲು ಏಳದೆ, ಅದನ್ನು ಹಾಗೇ ಕೈಯಲ್ಲಿ ಹಿಡಿದು ಬಹಳ ಹೊತ್ತು ಕೂತಿದ್ದಳು.