ಒಂದೇ ಸಲ ಕರೆಯುವ ದನಿ

ನಮ್ಮ ಅಜ್ಜಿಯ ಮನೆಯಲ್ಲಿ ಯಾರೂ ಮೊದಲ ಕೂಗಿಗೆ ಓಗೊಡುತ್ತಿರಲಿಲ್ಲ. ಹೊರಗಿನಿಂದ ಯಾರಾದರೂ ಹೆಸರು ಹಿಡಿದು ಕರೆದರೆ ಕೈಯಲ್ಲಿದ್ದ ಕೆಲಸ ಹಾಗೇ ನಿಲ್ಲುತ್ತಿತ್ತು. ರೊಟ್ಟಿ ಬಡಿಯುವ ಕೈ ಹಿಟ್ಟಿನ ಮೇಲೇ ಕೂರುತ್ತಿತ್ತು. ಎರಡನೆಯ ಸಲ ಕರೆದರೂ ತುಟಿ ಬಿಚ್ಚಬಾರದು. ಮೂರನೆಯ ಸಲ ಕರೆದಾಗ ಮಾತ್ರ ‘ಓ’ ಅನ್ನಬೇಕು. ಮನುಷ್ಯರಿಗೆ ನಮ್ಮಿಂದ ಏನಾದರೂ ಬೇಕಿದ್ದರೆ ಮೂರೇನು, ಮೂವತ್ತು ಸಲ ಕರೆಯುತ್ತಾರೆ. ಒಂದು ಸಲ ಕರೆದು ಸುಮ್ಮನಾಗುವುದು ಮನುಷ್ಯರದಲ್ಲ ಎಂಬುದು ಅಜ್ಜಿಯ ಲೆಕ್ಕ.

ಅದಕ್ಕೆ ಅವಳಲ್ಲಿ ಸಾಕ್ಷಿಯೂ ಇತ್ತು. ಗೋನೆಗಂಡ್ಲದ ಆಚೆಯ ಬಯಲಲ್ಲಿ ಕುರಿ ಮೇಯಿಸುತ್ತಿದ್ದ ಅವಳ ಅಣ್ಣ ಒಂದು ಮಟಮಟ ಮಧ್ಯಾಹ್ನ ಜಾಲಿಯ ನೆರಳಲ್ಲಿ ಮಲಗಿದ್ದನಂತೆ. ಸತ್ತು ವರ್ಷವಾಗಿದ್ದ ತಾಯಿಯ ದನಿ ಅವನ ಹೆಸರನ್ನು ಒಮ್ಮೆ ಕರೆಯಿತು. ನಿದ್ದೆಗಣ್ಣು, ‘ಓ’ ಅಂದುಬಿಟ್ಟ. ಸಂಜೆ ಹುಡುಕಿಕೊಂಡು ಹೋದವರಿಗೆ ಒಣಗಿದ ಹಳ್ಳದ ನಡುವೆ ನಿಂತಿದ್ದವನು ಸಿಕ್ಕ, ಕುರಿಗಳು ದಿಕ್ಕಿಗೊಂದು. ಆಮೇಲೆ ಬಹಳ ವರ್ಷ ಬದುಕಿದ, ಮದುವೆಯಾದ, ಮಕ್ಕಳಾದವು. ಆದರೆ ಮಾತಿನ ನಡುವೆ ಫಕ್ಕನೆ ನಿಂತು, ಇನ್ನಾರೋ ಮಾತಾಡುತ್ತಿರುವಂತೆ ಕಿವಿಗೊಡುತ್ತಿದ್ದ. ಅವನನ್ನು ನಾನೇ ನೋಡಿದ್ದೇನೆ. ಊಟಕ್ಕೆ ಕೂತಾಗ ತುತ್ತು ಬಾಯಿಯ ಹತ್ತಿರ ತಂದು ಹಾಗೇ ಹಿಡಿದಿರುತ್ತಿದ್ದ.

ಇದನ್ನೆಲ್ಲ ನಂಬುತ್ತೀಯಾ ಎಂದು ಕೇಳಿದರೆ ಇಲ್ಲ ಅನ್ನುತ್ತೇನೆ. ಹನ್ನೊಂದು ವರ್ಷ ಸಾಫ್ಟ್‌ವೇರ್ ಪರೀಕ್ಷಿಸುವ ಕೆಲಸ ಮಾಡಿದವಳು ನಾನು. ಹೊಸ ಆ್ಯಪ್ ಒಂದನ್ನು ಜನರ ಕೈಗೆ ಕೊಡುವ ಮೊದಲು ಅದನ್ನು ತಪ್ಪುತಪ್ಪಾಗಿ ಬಳಸಿ, ಒತ್ತಬಾರದ ಕಡೆ ಒತ್ತಿ, ಎಲ್ಲಿ ಮುರಿಯುತ್ತದೆಂದು ಬರೆದು ತಿಳಿಸುವುದು ನನ್ನ ಪಾಲು. ಕೊರೋನಾ ಬಂದಾಗ ಹೈದರಾಬಾದಿನ ಕಚೇರಿ ನಮ್ಮನ್ನು ಮನೆಗೆ ಕಳಿಸಿತು. ನಾನು ಆದೋನಿಗೆ ಬಂದೆ. ನನ್ನ ಗಂಡ ಇಲ್ಲಿಯ ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ ಮೆಕ್ಯಾನಿಕ್. ಹಿಂದಿನ ಕೋಣೆ ನನ್ನ ಕಚೇರಿಯಾಯಿತು. ಊರಿನಿಂದ ಅಜ್ಜಿಯನ್ನೂ ಕರೆತಂದೆ. ತಾಯಿ ಇಲ್ಲದ ನನ್ನನ್ನು ಸಾಕಿದವಳು ಅವಳು. ನನಗೆ ಬರುವ ಮಾತೆಲ್ಲ ಅವಳ ಬಾಯಿಂದ ಬಂದದ್ದೇ.

ಕೆಲಸ ಹೋದದ್ದು ಸದ್ದಿಲ್ಲದೆ. ಆರು ತಿಂಗಳು ನಮ್ಮ ತಂಡದ ಎಂಟು ಜನರಿಗೆ ಒಂದೇ ಕೆಲಸ ಕೊಟ್ಟರು: ನೀವು ಹೇಗೆ ಪರೀಕ್ಷೆ ಮಾಡುತ್ತೀರೋ ಅದನ್ನೆಲ್ಲ ಬಿಡಿಸಿ ಬರೆಯಿರಿ, ಹೊಸ ಎಐ ಅದನ್ನು ಕಲಿಯಲಿ. ನಾನು ಒಳ್ಳೆಯ ಮನಸ್ಸಿನಿಂದಲೇ ಬರೆದೆ. ಹೇಳಿದರೆ ನಗುತ್ತೀರಿ, ಮುದುಕರು ಗುಂಡಿಯನ್ನು ಎಷ್ಟು ಹೊತ್ತು ಒತ್ತಿ ಹಿಡಿಯುತ್ತಾರೆ ಎನ್ನುವುದನ್ನು ಅಜ್ಜಿಯ ಬೆರಳು ನೋಡಿ ಬರೆದಿದ್ದೆ. ಅದು ಕಲಿಯಿತು. ಎಂಟು ಜನರಲ್ಲಿ ಒಬ್ಬಳನ್ನು ಉಳಿಸಿಕೊಂಡರು. ಅವಳು ಎಲ್ಲರಿಗಿಂತ ಚಿಕ್ಕವಳು, ಮಂತ್ರಾಲಯದ ಹತ್ತಿರದ ಮಾಧವರದ ಹುಡುಗಿ, ನನ್ನನ್ನು ಅಕ್ಕ ಅನ್ನುತ್ತಿದ್ದವಳು.

ಅವಳೇ ಫೋನಿನಲ್ಲಿ ಹೊಸ ಕೆಲಸ ಹುಡುಕುವ ದಾರಿ ಹೇಳಿಕೊಡುತ್ತಿದ್ದಳು. “ಅಕ್ಕಾ, ಈಗ ಇಂಟರ್‌ವ್ಯೂ ಫಸ್ಟ್ ರೌಂಡ್ ಮನುಷ್ಯಾರು ಮಾಡಂಗಿಲ್ಲ, ಎಐ ಮಾಡ್ತೈತಿ. ಅದ ಕರೀತೈತಿ, ಅದ ಕೇಳ್ತೈತಿ, ಅದ ಮಾರ್ಕ್ ಹಾಕ್ತೈತಿ. ಭಯಪಡಕು, ಹೆದರಬ್ಯಾಡ. ನಮ್ಮ ಮ್ಯಾನೇಜರಿಗಿಂತ ಅದ ವಾಸಿ, ನಡುವ ಫೋನ್ ಎತ್ತಂಗಿಲ್ಲ.”

ನನಗೆ ಬೇಕಿದ್ದದ್ದು ಮನೆಯಿಂದ ಮಾಡುವ ಕೆಲಸ. ಅದು ಸಿಗದಿದ್ದರೆ ನಾನೊಬ್ಬಳೇ ಹೈದರಾಬಾದಿಗೆ ಹೋಗಬೇಕು. ಗಂಡ ಮಿಲ್ಲು ಬಿಡುವಂತಿಲ್ಲ. ಅಜ್ಜಿಯನ್ನು ಹಿಂದೊಮ್ಮೆ ಆ ಊರಿಗೆ ಕರೆದೊಯ್ದಿದ್ದೆ. ನಾಲ್ಕು ದಿನ ಕಿಟಕಿಯ ಸರಳು ಹಿಡಿದು ನಿಂತಳು, ಊಟಕ್ಕೆ ಮಾತ್ರ ಕೂತಳು. ಅವಳ ಸೊಂಟಕ್ಕೆ ಎಣ್ಣೆ ತಿಕ್ಕುವವರು, ಹೊತ್ತಿಗೆ ಗುಳಿಗೆ ಕೊಡುವವರು ನನ್ನನ್ನು ಬಿಟ್ಟರೆ ಇಲ್ಲ.

ಮೊದಲ ಸಂದರ್ಶನ ಮಧ್ಯಾಹ್ನ ಹನ್ನೆರಡಕ್ಕೆ. ಕೋಣೆಯ ಬಾಗಿಲು ಹಾಕಿ, ತಲೆ ಬಾಚಿ, ಹೊಸ ರವಿಕೆ ತೊಟ್ಟು ಕೂತಿದ್ದೆ. ಯಾರಿಗಾಗಿ ಬಾಚಿಕೊಂಡೆ ಎಂದು ಈಗ ನಗು ಬರುತ್ತದೆ. ಪರದೆಯ ಮೇಲೆ ಒಂದು ನೀಲಿ ವೃತ್ತ, ಮುಖವಿಲ್ಲ. ಅದು ಮೆಲ್ಲಗೆ ಉಬ್ಬಿ ಇಳಿಯುತ್ತಿತ್ತು, ಮಲಗಿದವರ ಎದೆಯಂತೆ. ಆಮೇಲೆ ನನ್ನ ಹೆಸರನ್ನು ಕರೆಯಿತು.

ಹನ್ನೊಂದು ವರ್ಷ ಕಚೇರಿಯಲ್ಲಿ ಒಬ್ಬರೂ ನನ್ನ ಹೆಸರನ್ನು ಸರಿಯಾಗಿ ಕರೆದಿರಲಿಲ್ಲ. ಕೊನೆಯ ದೀರ್ಘವನ್ನು ಎಲ್ಲರೂ ನುಂಗಿಬಿಡುತ್ತಿದ್ದರು. ಇದು ನುಂಗಲಿಲ್ಲ. ಅಂಗಳದಲ್ಲಿ ನಿಂತು ಒಳಗಿದ್ದವರನ್ನು ಕರೆಯುವಾಗ ನಮ್ಮವರು ಹೇಗೆ ಎಳೆಯುತ್ತಾರೋ ಹಾಗೆ ಎಳೆದು ಕರೆಯಿತು. ಕರೆದು ಸುಮ್ಮನಾಯಿತು.

ನನ್ನ ಬಾಯಿ ಬಿಚ್ಚಲಿಲ್ಲ.

ಗೊತ್ತಿತ್ತು, ಅದು ಯಂತ್ರ. ಅಂಥವುಗಳ ಹೊಟ್ಟೆ ಬಗೆದು ನೋಡಿದವಳು ನಾನು. ಆದರೆ ನನ್ನ ನಾಲಿಗೆ ನನಗಿಂತ ಹಳೆಯದು. ಅದು ಎರಡನೆಯ ಕರೆಗೆ ಕಾಯುತ್ತ ಕೂತಿತು. ಫ್ಯಾನು ತಿರುಗುತ್ತಿತ್ತು. ವೃತ್ತ ಉಬ್ಬಿತು, ಇಳಿಯಿತು. ಅಭ್ಯರ್ಥಿ ಹಾಜರಿಲ್ಲವೆಂದು ಇಂಗ್ಲಿಷಿನಲ್ಲಿ ಹೇಳಿ, ಧನ್ಯವಾದ ತಿಳಿಸಿ, ಮುಚ್ಚಿಕೊಂಡಿತು. ನಾನು ಕುರ್ಚಿಯಿಂದ ಏಳುವ ಮೊದಲೇ ಮೇಲ್ ಬಂದಿತ್ತು: ನಿಮ್ಮ ಅರ್ಜಿಯನ್ನು ಮುಂದುವರಿಸಲಾಗುತ್ತಿಲ್ಲ.

ಇದ್ದೆ, ಇಲ್ಲೇ ಇದ್ದೆ ಎಂದು ಉತ್ತರ ಬರೆದೆ. ಆ ವಿಳಾಸಕ್ಕೆ ಮೇಲ್ ಹೋಗುವುದಿಲ್ಲ ಎಂದು ವಾಪಸು ಬಂತು. ಕೆಳಗಿದ್ದ ನಂಬರಿಗೆ ಫೋನ್ ಮಾಡಿದರೆ ಎತ್ತಿಕೊಂಡದ್ದೂ ಅಂಥದೇ ಇನ್ನೊಂದು ದನಿ. ಮಾಧವರದ ಹುಡುಗಿಗೆ ಕೇಳಿದೆ, ಯಾರಾದರೂ ಮನುಷ್ಯರು ಇದನ್ನು ನೋಡುತ್ತಾರೇನು? “ಪಾಸಾದೋರ್ನ ನೋಡ್ತಾರಕ್ಕ,” ಅಂದಳು.

ನಡುಮನೆಗೆ ಬಂದಾಗ ಅಜ್ಜಿ ಎಲೆಗೆ ಸುಣ್ಣ ಸವರುತ್ತಿದ್ದಳು.

“ಏನಾತವ್ವ? ಮಾರಿ ಹಿಂಗ್ಯಾಕ ಮಾಡಿದಿ?”

“ಅದು ಕರೀತಜ್ಜಿ. ನಾ ಓ ಅನ್ನಲಿಲ್ಲ.”

“ಎಷ್ಟ್ ಸಲ ಕರೀತು?”

“ಒಂದ ಸಲ.”

“ಮತ್ತ ಛಲೋ ಮಾಡಿದಿ ಬಿಡು.”

“ಅಜ್ಜೀ! ಅದು ಕೆಲಸ ಕೊಡೋದು!”

“ಕೆಲಸ ಕೊಡಾರು ಒಂದ ಸಲ ಕರದು ಓಡಿ ಹೊಕ್ಕಾರೇನ? ಅದರ ಮನಿ ಎಲ್ಲೈತಿ ಹೇಳು, ನಡಿ ಹೋಗಣ. ನಾ ಹೇಳ್ತೀನಿ, ನಮ್ಮ ಹುಡಿಗಿ ಒಳಗ ಇದ್ಲು, ನಮ್ಮ ಮನ್ಯಾಗಿನ ಪದ್ಧತಿ ಹಿಂಗೈತಿ ಅಂತ.”

“ಅದಕ್ಕ ಮನಿ ಇಲ್ಲ.”

“ಮಾರಿ?”

“ಅದೂ ಇಲ್ಲ.”

ಅಜ್ಜಿ ಎಲೆಯನ್ನು ಮಡಚುವುದು ನಿಲ್ಲಿಸಿದಳು. “ಮನಿ ಇಲ್ಲ, ಮಾರಿ ಇಲ್ಲ. ನಿನ್ನ ಹೆಸರು ಮಾತ್ರ ಗೊತ್ತೈತಿ?”

“ಹೂಂ.”

ಅವಳು ಎದ್ದು ಹೋಗಿ ಹಿಂದಿನ ಕೋಣೆಯ ಬಾಗಿಲನ್ನು ಎಳೆದು ಚಿಲಕ ಹಾಕಿ ಬಂದಳು.

ಸಂಜೆ ಗಂಡ ಮೈಮೇಲಿನ ಹತ್ತಿಯ ಎಳೆ ಕೊಡವಿಕೊಳ್ಳುತ್ತ ಎಲ್ಲ ಕೇಳಿದ. “ದೆವ್ವ ಬಿಡಿಸ್ಕೊಳ್ಳಾಕ ಹೋಗಾ ಮಂದೀನ ನೋಡೀನಿ. ದೆವ್ವದ ಕೈಯಾಗ ಕೆಲಸಕ್ಕ ಸೇರಾಕ ಹೊಂಟಾಕಿ ನೀನ ಮೊದ್ಲು ನೋಡು,” ಅಂದ. ನಕ್ಕೆವು. ಅಜ್ಜಿ ನಗಲಿಲ್ಲ.

ಅರ್ಜಿಗಳು ಹೋಗುತ್ತಲೇ ಇದ್ದವು. ನನ್ನ ಅರ್ಜಿಯನ್ನೂ ಯಂತ್ರದ ಕೈಯಲ್ಲೇ ತಿದ್ದಿಸಬೇಕಿತ್ತು, ಓದುವುದು ಇನ್ನೊಂದು ಯಂತ್ರವಾದ್ದರಿಂದ. ಅವೆರಡೂ ತಮ್ಮತಮ್ಮಲ್ಲಿ ಮಾತಾಡಿಕೊಂಡು ನನಗೆ ಬೇಡ ಎಂದು ತಿಳಿಸುತ್ತಿದ್ದವು. ಎರಡು ತಿಂಗಳ ಮೇಲೆ ಒಂದು ಸಣ್ಣ ಕಂಪನಿಯಿಂದ ಕರೆ ಬಂತು. ಕನ್ನಡ, ತೆಲುಗು ಎರಡೂ ಬಲ್ಲವರು ಬೇಕು, ಮನೆಯಿಂದಲೇ ಕೆಲಸ, ತಿಂಗಳಿಗೊಮ್ಮೆ ಒಪ್ಪಂದ ಹೊಸದಾಗಿ. ಮೊದಲ ಸುತ್ತು ಅದೇ ನೀಲಿ ವೃತ್ತದ್ದು. ಇದೂ ಹೋದರೆ ಹೈದರಾಬಾದಿನ ಹಾಸ್ಟೆಲ್ಲೊಂದಕ್ಕೆ ಮುಂಗಡ ಕಟ್ಟುವುದೆಂದು ಗಂಡನೂ ನಾನೂ ಮಾತಾಡಿಕೊಂಡೆವು. ಅಜ್ಜಿಯ ಎದುರಿಗೇ ಆಡಿದ ಮಾತು.

ಹಿಂದಿನ ದಿನ ಕನ್ನಡಿಯ ಮುಂದೆ ಅಭ್ಯಾಸ ಮಾಡಿದೆ. ಗಂಡನಿಂದ ಕರೆಸಿಕೊಂಡು ತಕ್ಷಣ ಓ ಅಂದೆ. ಮನುಷ್ಯನ ದನಿಗೆ ಆಗುತ್ತಿತ್ತು. ಆದರೆ ಆ ವೃತ್ತ ಕಣ್ಣಿಗೆ ಬಂದರೆ ನಾಲಿಗೆ ಮತ್ತೆ ಎರಡನೆಯ ಕರೆಗೆ ಕಾಯುತ್ತಿತ್ತು.

ಅಜ್ಜಿ ಒಂದು ದಾರಿ ಹುಡುಕಿದಳು. “ನಾ ಮೊದ್ಲು ಎರಡು ಸಲ ಕರೀತೀನಿ. ಆಮ್ಯಾಲ ಅದು ಕರದ್ರ ಮೂರನೇದಾತು. ಆಗ ಓ ಅನ್ನು. ಯಾರೇನ್ ಮಾಡ್ತಾರ ನೋಡೋಣ.”

“ಕೋಣ್ಯಾಗ ಬೇರೇರ ದನಿ ಕೇಳಿಸಿದ್ರ ಅಲ್ಲಿಗೇ ಮುಚ್ಚತೈತಂತ ಅಜ್ಜಿ. ಬರದಾರ.”

ಬಹಳ ಹೊತ್ತು ಎಲೆ ಅಗಿದಳು. “ಹಂಗಾರ ದನಿ ಇಲ್ದಂಗ ಕರೀತೀನಿ.”

ಮರುದಿನ ಅವಳು ಲ್ಯಾಪ್‌ಟಾಪಿನ ಹಿಂದೆ, ಕ್ಯಾಮೆರಾಕ್ಕೆ ಕಾಣದ ಗೋಡೆಗೆ ಒರಗಿ, ನನಗೆ ಎದುರಾಗಿ ನೆಲದ ಮೇಲೆ ಕೂತಳು. ಬಳೆ ಸದ್ದಾಗಬಾರದೆಂದು ಎರಡೂ ಕೈಗೆ ಬಟ್ಟೆ ಸುತ್ತಿಕೊಂಡಿದ್ದಳು. ವೃತ್ತ ಬಂತು. ನಾನು ಅವಳ ಬಾಯಿ ನೋಡಿದೆ. ಎಲೆಯಿಂದ ಕೆಂಪಾದ ತುಟಿಗಳು ನನ್ನ ಹೆಸರನ್ನು ಒಮ್ಮೆ ಆಡಿದವು, ಕೊನೆಯ ದೀರ್ಘವನ್ನೂ ಬಿಡದೆ. ಮತ್ತೊಮ್ಮೆ ಆಡಿದವು. ಉಸಿರಿನಷ್ಟೂ ಸದ್ದಿಲ್ಲ. ಆಮೇಲೆ ವೃತ್ತ ಕರೆಯಿತು.

“ಯೆಸ್,” ಅಂದೆ.

ಮುಕ್ಕಾಲು ಗಂಟೆ ಮಾತಾಡಿತು. ಅಷ್ಟೂ ಹೊತ್ತು ಅಜ್ಜಿ ಅಲ್ಲಾಡಲಿಲ್ಲ, ಸೆರಗನ್ನು ಬಾಯಿಗೆ ಒತ್ತಿಕೊಂಡು ಲ್ಯಾಪ್‌ಟಾಪಿನ ಬೆನ್ನನ್ನೇ ನೋಡುತ್ತಿದ್ದಳು. ಮುಗಿದ ಮೇಲೆ ಕೇಳಿದಳು, “ಊಟ ಆತೇನಂತ ಕೇಳಿತೇನು?”

“ಇಲ್ಲಜ್ಜಿ.”

“ಇಷ್ಟೊತ್ತು ಮಾತಾಡ್ತು. ಅದೊಂದು ಕೇಳಲಿಲ್ಲ ನೋಡು.”

ಕೆಲಸ ಸಿಕ್ಕಿತು. ಗಂಡ ಉಗ್ಗಾಣಿ, ಬಜ್ಜಿ ಕಟ್ಟಿಸಿಕೊಂಡು ಬಂದ.

ಕೆಲಸ ಏನೆಂದು ತಿಳಿದದ್ದು ಸೇರಿದ ಮೇಲೆ. ಬೇರೆ ಬೇರೆ ಕಂಪನಿಗಳಿಗಾಗಿ ಯಂತ್ರ ನಡೆಸಿದ ಸಂದರ್ಶನಗಳ ಧ್ವನಿಮುದ್ರಿಕೆಗಳು ನನಗೆ ಬರುತ್ತವೆ. ಅದು ಹೆಸರು ಕರೆದ ಮೇಲೆ ಆ ಕಡೆ ಯಾರಾದರೂ ಇದ್ದರೋ ಇಲ್ಲವೋ ಎಂದು ನಾನು ಕೇಳಿ ನೋಡಬೇಕು. ಎರಡು ಗುಂಡಿ: ಇದ್ದಾರೆ, ಇಲ್ಲ. ಯಂತ್ರ ಮೊದಲೇ ತನ್ನ ತೀರ್ಮಾನ ಬರೆದಿರುತ್ತದೆ. ನಾನು ಅದನ್ನು ಸರಿ ಅನ್ನಬೇಕು ಅಥವಾ ತಿದ್ದಬೇಕು; ತಿದ್ದಿದರೆ ಮುಚ್ಚಿದ ಅರ್ಜಿ ಮತ್ತೆ ತೆರೆಯುತ್ತದಂತೆ. ಮಾತು ಕೇಳಿಸದಿದ್ದರೆ ‘ಇಲ್ಲ’ ಎಂದೇ ನಿಯಮ. ತಿದ್ದಿದ್ದು ಹೆಚ್ಚಾದರೆ ನನ್ನ ಕಿವಿಯ ಮೇಲೇ ಅನುಮಾನ; ಮುಂದಿನ ತಿಂಗಳು ಒಪ್ಪಂದ ಇಲ್ಲ.

ದಿನವಿಡೀ ಹೆಡ್‌ಫೋನ್ ಹಾಕಿಕೊಂಡು ಖಾಲಿ ಕೋಣೆಗಳನ್ನು ಕೇಳುತ್ತೇನೆ. ಕುಕ್ಕರಿನ ಸೀಟಿ, ದೂರದ ಬಸ್ಸು, ತಿರುಗುವ ಫ್ಯಾನು. ನಡುವೆ ಒಂದು ಹೆಸರು, ಒಂದೇ ಸಲ. ಆಮೇಲೆ ಮೌನ. ಆದರೆ ಮೌನ ಎಲ್ಲ ಒಂದೇ ಅಲ್ಲ. ಯಾರೂ ಇಲ್ಲದ ಕೋಣೆಯ ಮೌನ ಚಪ್ಪಟೆ. ಉಸಿರು ಬಿಗಿಹಿಡಿದು ಕೂತವರ ಮೌನಕ್ಕೆ ಮೈ ಇರುತ್ತದೆ. ಅದು ನನಗೆ ಚಿಕ್ಕಂದಿನಿಂದ ಗೊತ್ತು. ಗೊತ್ತಿದ್ದೂ ಬಹಳ ಸಲ ‘ಇಲ್ಲ’ ಒತ್ತಿದ್ದೇನೆ. ಆ ಹೆಸರುಗಳು ನನ್ನನ್ನು ಬಿಡುವುದಿಲ್ಲ. ಬಟ್ಟೆ ಮಡಚುವಾಗ, ನಲ್ಲಿಯ ಕೆಳಗೆ ಕೊಡ ತುಂಬುವಾಗ ಒಂದೊಂದಾಗಿ ಬರುತ್ತವೆ. ಮೊನ್ನೆ ಅಜ್ಜಿ ಕೇಳಿದಳು, “ಯಾಕವ್ವ, ಮಾತಾಡ್ತಾ ಮಾತಾಡ್ತಾ ನಿಂತಬಿಡ್ತಿ?”

ಹೋದ ವಾರದ್ದು ಒಂದು. ಯಂತ್ರ ಒಬ್ಬ ಹೆಣ್ಣುಮಗಳ ಹೆಸರು ಕರೆಯಿತು. ಉತ್ತರವಿಲ್ಲ. ಮೈ ಇರುವ ಮೌನ. ಇನ್ನೇನು ಮುದ್ರಿಕೆ ಮುಗಿಯಬೇಕು, ದೂರದಿಂದ ಒಂದು ಮುದಿ ದನಿ, ಪಿಸುಮಾತಿನಲ್ಲಿ: “ಒಂದ ಸಲ ಕರೀತು. ಸುಮ್ನಿರು.”

ಮತ್ತೊಮ್ಮೆ ಹಾಕಿ ಕೇಳಿದೆ. ಹೊರಗಿನವರಿಗೆ ಕೇಳಿಸಬಾರದೆಂಬ ನಿಯಮ ಮುರಿದು ಅಜ್ಜಿಯನ್ನು ಕರೆದು ಹೆಡ್‌ಫೋನ್ ಅವಳ ಕಿವಿಗಿಟ್ಟೆ. ಕಣ್ಣು ಮುಚ್ಚಿ ಕೇಳಿದಳು.

“ನಮ್ಮ ಕಡಿಯಾಕಿನ ಇದ್ದಂಗ ಅದಾಳ. ಯಾರವ್ವ?”

“ಗೊತ್ತಿಲ್ಲ.”

“ಆ ಹುಡಿಗಿಗೆ ಕೆಲಸ ಸಿಕ್ತೇನು?”

“ಅಭ್ಯರ್ಥಿ ಇಲ್ಲ ಅಂತ ಬರದೈತಿ. ನಾ ಹೂಂ ಅಂದ್ರ ಮುಗೀತು.”

ಅಜ್ಜಿ ಹೆಡ್‌ಫೋನ್ ತೆಗೆದು ನನ್ನ ಮುಂದಿಟ್ಟಳು. ಆ ಮನೆಯ ಹುಡುಗಿಗೂ ಇನ್ನೆಲ್ಲಿಗೋ ಹೋಗಬೇಕಾಗಿ ಬಂದಿದೆಯೇನೋ. ಆ ಮುದುಕಿಗೆ ಹೊತ್ತಿಗೆ ಗುಳಿಗೆ ಕೊಡುವವರು ಯಾರೋ. ಈ ತಿಂಗಳು ನಾನು ಆಗಲೇ ಸಾಕಷ್ಟು ತಿದ್ದಿದ್ದೆ, ಎಚ್ಚರಿಕೆಯ ಮೇಲ್ ಒಂದು ಬಂದೂ ಇತ್ತು. ಇದನ್ನು ತಿದ್ದಿದರೆ ಹಾಸ್ಟೆಲ್ಲಿನ ಮಾತು ನಮ್ಮ ಮನೆಯಲ್ಲಿ ಮತ್ತೆ ಶುರು. ಅಜ್ಜಿಗೆ ಅದು ಗೊತ್ತಿತ್ತು.

‘ಇದ್ದಾರೆ’ ಒತ್ತಿದೆ. ಕಾರಣ ಬರೆಯಿರಿ ಎಂದು ಒಂದು ಚೌಕ ತೆರೆದುಕೊಂಡಿತು. ಅದನ್ನು ಮನುಷ್ಯರು ಓದುತ್ತಾರೋ ಇನ್ನೊಂದು ಯಂತ್ರ ಓದುತ್ತದೋ ಇವತ್ತಿಗೂ ತಿಳಿದಿಲ್ಲ. ಇಂಗ್ಲಿಷಿನಲ್ಲಿ ಬರೆಯಲು ಕೈ ಬರಲಿಲ್ಲ. ಕನ್ನಡದಲ್ಲೇ ಬರೆದೆ: ಈಕೆ ಅಲ್ಲೇ ಇದ್ದಾಳೆ, ಇನ್ನೆರಡು ಸಲ ಕರೆಯಿರಿ.