ಪಕ್ಕದ ಬಾಗಿಲಲ್ಲಿ ಹೂಬಿಟ್ಟ ಮಲ್ಲಿಗೆ

ಮುಂಬಯಿಯ ಘಾಟ್ಕೋಪರಿನ ನಮ್ಮ ಚಾಳಿನ ಎರಡನೇ ಮಾಳಿಗೆಯಲ್ಲಿ, ಖೋಲಿಯ ಬಾಗಿಲಿಗೂ ಗ್ಯಾಲರಿಯ ಕಟಕಟೆಗೂ ನಡುವೆ ನನ್ನದೊಂದು ತೋಟವಿತ್ತು. ತೋಟವೆಂದರೆ ಒಂದು ಎಣ್ಣೆ ಡಬ್ಬ, ಅದರಲ್ಲೊಂದು ಮಲ್ಲಿಗೆ ಗಿಡ. ಉಡುಪಿಯಿಂದ ಹೊರಡುವಾಗ ಅತ್ತೆಯವರು ಗೆಲ್ಲೊಂದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಮಗಳ ಮಡಿಲಲ್ಲಿಟ್ಟು ಕಳಿಸಿದ್ದರು. ಅದು ಬೇರು ಬಿಟ್ಟ ದಿನ ನಾನು ಹೆಂಡತಿಗೆ, ಇನ್ನು ನಿನ್ನ ತಲೆಗೆ ನನ್ನ ಕೈಯಾರೆ ಬೆಳೆಸಿದ ಹೂವೇ ಎಂದು ಗಂಭೀರವಾಗಿ ಮಾತು ಕೊಟ್ಟೆ. ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ಮೂರು ವರ್ಷ ಕಳೆದರೂ ಗಿಡ ಮಾತ್ರ ಆ ಮಾತನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

ಹೂವಿಲ್ಲದಿದ್ದರೂ ಸುಖಕ್ಕೆ ಕೊರತೆಯಿರಲಿಲ್ಲವೆಂದು ಒಪ್ಪಿಕೊಳ್ಳಬೇಕು. ನಲ್ಲಿಯ ಸಾಲಿನಲ್ಲಿ ನಿಂತು ತಂದ ನೀರಿನಲ್ಲಿ ಮೊದಲ ಚೊಂಬು ಅದಕ್ಕೆ. ಅಕ್ಕಿ ತೊಳೆದ ನೀರು, ಮೀನು ತೊಳೆದ ನೀರು, ಚಹದ ಚರಟ, ಎಲ್ಲವೂ ಸರದಿಯ ಮೇಲೆ. ಮಣ್ಣಿಗೆ ನೀರು ಬಿದ್ದಾಗ ಏಳುವ ವಾಸನೆಗಾಗಿ ಆಫೀಸಿನ ಬಟ್ಟೆಯಲ್ಲೇ ಮೊಣಕಾಲೂರುತ್ತಿದ್ದೆ. ಒಂದು ಬೆಳಿಗ್ಗೆ ಡಬ್ಬದಲ್ಲಿ ಎರೆಹುಳವೊಂದು ಕಾಣಿಸಿತು. ಎರಡು ಮಾಳಿಗೆ ಅದು ಹೇಗೆ ಹತ್ತಿತೋ ದೇವರೇ ಬಲ್ಲ. ಆ ಸಂತೋಷದಲ್ಲಿ ಲೋಕಲ್ ರೈಲು ತಪ್ಪಿತು. ತಡವಾದುದರ ನಿಜವಾದ ಕಾರಣವನ್ನು ಹೆಡ್‌ಕ್ಲಾರ್ಕರಿಗೆ ಹೇಳಿ ಸುಳ್ಳುಗಾರನೆನಿಸಿಕೊಂಡೆ.

ಒಂದು ಮೇ ತಿಂಗಳಲ್ಲಿ ನಾವಿಬ್ಬರೂ ಊರಿಗೆ ಹೊರಟೆವು. ಪಕ್ಕದ ಖೋಲಿಯಲ್ಲಿ ಬಿಜಾಪುರದ ಕಡೆಯ ದಂಪತಿಗಳು. ಗಂಡ ಕಟ್ಟಡಗಳಲ್ಲಿ ಗೋಡೆ ಕಟ್ಟುವ ಗೌಂಡಿ. ಡಬ್ಬವನ್ನು ಅವನ ಬಾಗಿಲಿಗೆ ಸಾಗಿಸಿ, ಆರೈಕೆಯ ಕ್ರಮವನ್ನು ಎರಡು ಪುಟಗಳಲ್ಲಿ ಬರೆದು ಕೈಗಿತ್ತೆ. ಉಯಿಲು ಬರೆಯುವಾಗಲೂ ಮನುಷ್ಯ ಅಷ್ಟು ಯೋಚಿಸಲಾರ.

ಜೂನಿನಲ್ಲಿ, ಮೊದಲ ಮಳೆಯ ಬೆನ್ನಿಗೆ ಹಿಂತಿರುಗಿ ಮೆಟ್ಟಿಲು ಹತ್ತುವಾಗಲೇ ವಾಸನೆ ಬಂತು. ಗಿಡ ಅರ್ಧದಷ್ಟಾಗಿತ್ತು. ಆ ಅರ್ಧದ ತುಂಬ ಹೂವು.

"ಏನು ಹಾಕಿದಿರಿ ಇದಕ್ಕೆ?" ಎಂದೆ.

ಗೌಂಡಿ ತಪ್ಪಿತಸ್ಥನಂತೆ ನಿಂತಿದ್ದ. "ಖರೇ ಹೇಳ್ತೀನ್ರಿ ರಾಯರ. ನಿಮ್ಮ ಚೀಟಿ ಓದಿ ಅಂಜಿಕಿ ಬಂತು. ಇಷ್ಟೆಲ್ಲಾ ತಪ್ಪಿಲ್ಲದ ಮಾಡೂದು ನಮ್ಮಪ್ಪನ ಕಡಿಂದನೂ ಆಗೂದಿಲ್ಲ ಅಂತ ಗಿಡ ಮುಟ್ಟಲೇ ಇಲ್ಲ."

"ನೀರು?"

"ಮರತ ಬಿಟ್ಟಿದ್ನಿ. ಕಡೀಕ ಮಳಿನ ಹಾಕೇತ್ರಿ."

ಅವನ ಹೆಂಡತಿ ಒಳಗಿನಿಂದಲೇ, "ಸಿಟ್ಟಾಗಬ್ಯಾಡ್ರಿ ಅಣ್ಣಾರ. ಒಣಗ ಹಾಕಿದ ಸೀರಿ ಸಿಗಬೀಳತಿತ್ತು. ಕತ್ತರಿ ತಗೊಂಡು ಟೊಂಗಿ ಕತ್ತರಿಸಿಬಿಟ್ಟೆ," ಎಂದಳು.

ಬಯ್ಯಬೇಕೋ ಕೈಮುಗಿಯಬೇಕೋ ತಿಳಿಯದೆ ನಾನು ಟ್ರಂಕು ಹಿಡಿದುಕೊಂಡೇ ನಿಂತೆ. ಹೆಂಗಸರಿಬ್ಬರೂ ಅಷ್ಟರಲ್ಲಿ ಹೂ ಬಿಡಿಸಿ, ಕಟ್ಟಿ, ಪಾಲು ಮಾಡಿ ಮುಡಿದುಕೊಂಡಾಗಿತ್ತು.

"ಮಲ್ಲಿಗೆಯನ್ನು ಒಣಗಿಸಿ ಕಡಿಯದಿದ್ರೆ ಹೂ ಬರುದಿಲ್ಲ ಅಂತ ಅಮ್ಮ ಹೇಳ್ತಿದ್ರು," ಎಂದಳು ನನ್ನ ಹೆಂಡತಿ, ಒಳಗೆ ಬಂದ ಮೇಲೆ.

"ಮೂರು ವರ್ಷ ಯಾಕೆ ಹೇಳ್ಲಿಲ್ಲ?"

"ನೀರು ಹಾಕುವಾಗ ನಿಮ್ಮ ಮುಖ ನೋಡಿದ್ರೆ ಹೇಳ್ಲಿಕ್ಕೆ ಬಾಯಿ ಬರ್ತಿರ್ಲಿಲ್ಲ ಮಾರಾಯ್ರೆ. ಈಗ ಹೇಳ್ತೇನೆ. ಡಬ್ಬ ಅವರ ಬಾಗಿಲಲ್ಲೇ ಇರಲಿ, ನೀವು ಮುಟ್ಲಿಕ್ಕಿಲ್ಲ."

ತೀರ್ಪಿಗೆ ತಲೆಬಾಗಿದೆ. ಆದರೆ ತಲೆಯೊಳಗೆ ಎಲ್ಲ ಕಲಸಿಹೋಯಿತು. ಹೂವಂತೂ ಬಂದಿದೆ, ಹೆಂಡತಿಯ ತಲೆಗೂ ಏರಿದೆ. ಹಾಗಾದರೆ ಮಾತು ಉಳಿಸಿಕೊಂಡಂತೆ ತಾನೇ? ಆದರೆ ಬೆಳೆಸಿದ ಕೈ ಯಾವುದು? ಮರೆತವನದೋ, ಕತ್ತರಿ ಹಿಡಿದವಳದೋ? ನನ್ನ ಮೂರು ವರ್ಷದ ಚೊಂಬುಗಳನ್ನು ಯಾವ ಲೆಕ್ಕಕ್ಕೆ ಸೇರಿಸುವುದು? ಬೆಳಿಗ್ಗೆ ಆ ಡಬ್ಬದ ಮುಂದೆ ಹಾಯುವಾಗ, ಸಾಲದವನ ಅಂಗಡಿ ಮುಂದೆ ಹೋಗುವವನಂತೆ ಮುಖ ಬೇರೆಡೆ ತಿರುಗಿಸಿ ನಡೆಯುತ್ತಿದ್ದೆ. ಮಣ್ಣಿನ ವಾಸನೆ ಮಾತ್ರ ಹಿಂದಿನಿಂದ ಬಂದು ಹಿಡಿಯುತ್ತಿತ್ತು.

ಮಳೆಗಾಲ ಮುಗಿದು ಚಳಿ ಕಳೆಯಿತು. ಮತ್ತೆ ಮೊಗ್ಗಿನ ಕಾಲ ಬಂತು, ಮೊಗ್ಗು ಬರಲಿಲ್ಲ. ಗಿಡವೇನೋ ಕೊಬ್ಬಿ ಕಟಕಟೆಯಾಚೆ ಚಾಚಿತ್ತು. ಕಾರಣ ತಿಳಿಯಲು ಹೆಚ್ಚು ದಿನ ಬೇಕಾಗಲಿಲ್ಲ. ಗೌಂಡಿಗೆ ಆ ಹೂವು ನೋಡಿದಂದಿನಿಂದ ಗಿಡದ ಹುಚ್ಚು ಹಿಡಿದಿತ್ತು. ದಿನಕ್ಕೆ ಎರಡು ಸಲ ನೀರು. ಕೆಲಸದ ಜಾಗದಿಂದ ಊಟದ ಡಬ್ಬಿಯಲ್ಲಿ ತುಂಬಿಕೊಂಡು ತಂದ ಕೆಂಪು ಮಣ್ಣು. ಅವನ ಹೆಂಡತಿಯ ಸೀರೆ ಒಣಗಿಸುವ ಹಗ್ಗ ಗ್ಯಾಲರಿಯ ಇನ್ನೊಂದು ತುದಿಗೆ ಗಡೀಪಾರಾಗಿತ್ತು.

"ಹೋಗಿ ಹೇಳಿ ಬನ್ನಿ," ಎಂದಳು ನನ್ನಾಕೆ ಒಂದು ಭಾನುವಾರ. "ಹದಿನೈದು ದಿನ ನೀರು ನಿಲ್ಲಿಸ್ಲಿಕ್ಕೆ, ಗೆಲ್ಲು ಕಡೀಲಿಕ್ಕೆ. ಈ ವರ್ಷವೂ ಹೂವಿಲ್ಲದೆ ಹೋದೀತು."

ಹೇಳಬೇಕಾದುದನ್ನು ಮನಸ್ಸಿನಲ್ಲೇ ಎರಡು ಸಲ ಓದಿಕೊಂಡು ಹೊರಗೆ ಬಂದೆ. ಗೌಂಡಿ ಡಬ್ಬದ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದ. ವಾರವಿಡೀ ಸಿಮೆಂಟು ಕಲಸಿ ಬಿರುಕುಬಿಟ್ಟ ಬೆರಳಿಂದ ಎಲೆಯೊಂದನ್ನು ಎತ್ತಿ ಹಿಡಿದಿದ್ದ.

"ಬರ್ರಿ ರಾಯರ. ಇಲ್ಲಿ ನೋಡ್ರಿ, ಈ ಕುಡಿ ನಿನ್ನಿ ಇರಲಿಲ್ಲ."

ಅಕ್ಕಿಕಾಳಿನಷ್ಟು ಚಿಗುರು. ಅವನ ಮುಖ ನೋಡಿದೆ, ನೋಡಬಾರದಿತ್ತು.

"ಹೂವು ಯಾಕ ಬರವಲ್ದೊ ತಿಳೀವಲ್ದು," ಎಂದ. "ನಾ ಏನರ ತಪ್ಪ ಮಾಡಾಕತ್ತೀನೇನ್ರಿ?"

"ತಪ್ಪೇನಿಲ್ಲ," ಎಂದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. "ಚಹದ ಚರಟ ಹಾಕಿ ನೋಡಿದಿರಾ?"

"ಇಲ್ರಿ," ಎಂದವನು ಪಕ್ಕಕ್ಕೆ ಸರಿದು ಜಾಗ ಕೊಟ್ಟ. ಕೂತೆ. ಮುಟ್ಟಬಾರದೆಂಬ ಆಜ್ಞೆ ನನ್ನ ಕೈಗಿತ್ತು, ಮೂಗಿಗೆ ಇರಲಿಲ್ಲ.

ಬಾಗಿಲ ಮರೆಯಲ್ಲಿ ನಿಂತು ಎಲ್ಲವನ್ನೂ ಕೇಳಿದ್ದ ನನ್ನ ಹೆಂಡತಿ ಸ್ವಲ್ಪ ಹೊತ್ತಿನ ಮೇಲೆ ಚಹ ಸೋಸಿದ ಚರಟವನ್ನು ಬಟ್ಟಲಲ್ಲಿ ತಂದು ನಮ್ಮಿಬ್ಬರ ನಡುವೆ ಇಟ್ಟಳು.

"ಸಂಜೆ ಸ್ಟೇಶನ್ ಕಡೆ ಹೋದ್ರೆ ಎರಡು ಮೊಳ ಹೂ ತನ್ನಿ," ಎಂದಳು. "ಒಂದು ಇವರ ಮನೆಗೆ."